ಅಕ್ಕನ ಹಾಡಿಗೆ ಎಷ್ಟು ದೊಡ್ಡ ಕಂಪ್ಯೂಟರ್ ಬೇಕು?

ನಮ್ಮ ಅಕ್ಕನಿಗೆ ಈಗ 83 ವರ್ಷ. ಅರಕಲಗೂಡಿನ ಕಡೆಯ ಹಳ್ಳಿಯಿಂದ ಮೈಸೂರಿನ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತು. ಬರುವಾಗ ಅವಳು ತಂದದ್ದು ಎರಡು ಟ್ರಂಕು, ಒಂದು ಮರದ ಶ್ರುತಿಪೆಟ್ಟಿಗೆ, ರಟ್ಟು ಕಿತ್ತುಹೋದ ಒಂದು ಹಾಡಿನ ಪುಸ್ತಕ. ಹಸೆಗೆ ಕರೆಯುವ ಹಾಡು, ಎಣ್ಣೆ ಒತ್ತುವ ಹಾಡು, ಬೀಗರ ಹಾಡು, ಆರತಿ ಹಾಡು, ತೊಟ್ಟಿಲು ತೂಗುವ ಹಾಡು ಎಲ್ಲವೂ ಅದರಲ್ಲಿವೆ. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಒಂದು ದಿನ ಅದನ್ನು ತಿರುವಿಹಾಕುತ್ತಾ, "ದೊಡ್ಡಜ್ಜಿ, ಇದರಲ್ಲಿ ಮಾತು ಮಾತ್ರ ಇದೆ. ಹಾಡೋದು ಹೇಗೆ ಅಂತ ಎಲ್ಲಿ ಬರೆದಿದೀರಿ?" ಎಂದು ಕೇಳಿದಳು.

ಅಕ್ಕ ನಕ್ಕು ತನ್ನ ಹಣೆ ಮುಟ್ಟಿ ತೋರಿಸಿದಳು. "ಮಟ್ಟೆಲ್ಲಾ ಇಲ್ಲಿದೆ ಕಣೇ."

ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎಪ್ಪತ್ತೆಂಬತ್ತು ಹಾಡುಗಳ ಮಟ್ಟು ಒಬ್ಬಳ ನೆನಪಿನಲ್ಲಿ ಮಾತ್ರ ಇದೆ. ಮೊದಲು ಒಂದೇ ಉಸಿರಿಗೆ ಎರಡು ಸಾಲು ಹಾಡುತ್ತಿದ್ದ ಅಕ್ಕ ಈಗ ಒಂದು ಸಾಲಿಗೇ ನಿಲ್ಲುತ್ತಾಳೆ. ಇನ್ನು ತಡಮಾಡುವುದು ಸರಿಯಲ್ಲ ಎನ್ನಿಸಿತು. ಮನೆಯಲ್ಲೇ ಹಾಡು ಹಿಡಿದಿಡುವ ಒಂದು ಏರ್ಪಾಡು ಮಾಡಬೇಕೆಂದು ನಾವಿಬ್ಬರೂ ಆವತ್ತೇ ತೀರ್ಮಾನಿಸಿದೆವು. ನನ್ನ ಆರ್.ಡಿ. ಖಾತೆಯೊಂದು ಆಗತಾನೇ ಮುಗಿದಿತ್ತು. ಅದರಿಂದ 30,000 ರೂಪಾಯಿ ತೆಗೆದಿಟ್ಟೆ.

ಮೊದಲ ದಿನ ದುಡ್ಡು ಖರ್ಚು ಮಾಡದೆಯೇ ಒಂದು ಪ್ರಯತ್ನ ಮಾಡಿದೆವು. ಮಗನ ಏಳು ವರ್ಷದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು, ಅದರೊಳಗಿನ ಮೈಕನ್ನೇ ನಂಬಿ, ಅಕ್ಕನನ್ನು ಎದುರಿಗೆ ಕೂರಿಸಿದೆವು. ಅಕ್ಕ ಶ್ರುತಿ ಹಾಕಿಕೊಂಡು ಒಂದು ಆರತಿ ಹಾಡು ಹೇಳಿದಳು. ಮುಗಿದ ಮೇಲೆ ಕೇಳಿಸಿದೆವು. ಅಕ್ಕನ ಹುಬ್ಬು ಗಂಟಿಕ್ಕಿತು.

"ನನ್ನ ಶ್ರುತಿ ಎಲ್ಲಿ ಹೋಯ್ತೋ?"

ನಿಜ. ಶ್ರುತಿಪೆಟ್ಟಿಗೆಯ ನಾದ ಒಮ್ಮೆ ಕೇಳಿ ಒಮ್ಮೆ ಮಾಯವಾಗುತ್ತಿತ್ತು. ಅಕ್ಕ ಎಳೆದು ನಿಲ್ಲಿಸಿದ ಸ್ವರಗಳ ಕೊನೆಯನ್ನೂ ಇಲಿ ಕಡಿದಂತಾಗಿತ್ತು. ಮೊಮ್ಮಗಳು ಅರ್ಧ ಗಂಟೆ ಹುಡುಕಿ ಕಾರಣ ಕಂಡುಹಿಡಿದಳು. ಲ್ಯಾಪ್‌ಟಾಪ್‌ಗಳಲ್ಲಿ, ಫೋನ್‌ಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಲೆಂದು ಗದ್ದಲ ತೆಗೆಯುವ ಒಂದು ವ್ಯವಸ್ಥೆ ಇರುತ್ತದೆ. ಫ್ಯಾನಿನ ಸದ್ದಿನಂತೆ ಒಂದೇ ಸಮನೆ ಬರುವ ಧ್ವನಿಯನ್ನು ಅದು ಗದ್ದಲವೆಂದು ತಿಳಿದು ಅಳಿಸುತ್ತದೆ. ಶ್ರುತಿಯೂ ಒಂದೇ ಸಮನೆ ಬರುವ ಧ್ವನಿಯೇ ಅಲ್ಲವೇ? ಪಾಪ, ಆ ಯಂತ್ರಕ್ಕೆ ಫ್ಯಾನಿಗೂ ತಂಬೂರಿಗೂ ವ್ಯತ್ಯಾಸ ಗೊತ್ತಿಲ್ಲ.

"ನಾನು ಶ್ರುತಿ ಬಿಟ್ಟು ಹಾಡಿದೀನಿ ಅಂತ ಮುಂದಿನವರು ಅಂದ್ಕೋತಾರೆ. ಇದನ್ನು ಅಳಿಸಿಬಿಡು" ಎಂದಳು ಅಕ್ಕ. ಅಳಿಸಿದೆವು. ಹಾಗಾಗಿ ಮಕ್ಕಳೇ, ಮೊದಲನೆಯ ಪಾಠ ಇದು: ಹಾಡು ಹಿಡಿಯುವ ಮುನ್ನ ಯಂತ್ರದ ಸೆಟ್ಟಿಂಗ್‌ಗೆ ಹೋಗಿ, ಗದ್ದಲ ತೆಗೆಯುವ, ಧ್ವನಿ 'ಸುಧಾರಿಸುವ' ಆಯ್ಕೆಗಳೇನಾದರೂ ಇದ್ದರೆ ಎಲ್ಲವನ್ನೂ ಆರಿಸಿ.

ಮಾರನೆಯ ದಿನ ಕಂಪ್ಯೂಟರ್ ಅಂಗಡಿಗೆ ಹೋದೆವು. "ಮನೆಯಲ್ಲಿ ಹಾಡು ರೆಕಾರ್ಡ್ ಮಾಡಬೇಕು" ಎಂದೆವು. ಅಂಗಡಿಯ ಹುಡುಗ ಹಿಂದುಮುಂದು ನೋಡದೆ ಒಂದು ಕಪ್ಪು ಡಬ್ಬ ತೋರಿಸಿದ. ಗಾಜಿನ ಬಾಗಿಲು, ಒಳಗೆ ಕೆಂಪು, ನೀಲಿ, ಹಸಿರು ದೀಪ, ನಾಲ್ಕು ಫ್ಯಾನು, ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡು. ಬೆಲೆ 92,000 ರೂಪಾಯಿ. ನೋಡಲು ದಸರಾ ದೀಪಾಲಂಕಾರದ ಹಾಗೆ ಚೆನ್ನಾಗಿಯೇ ಇತ್ತು. ಕೊಟೇಶನ್ ಚೀಟಿ ಬರೆಸಿಕೊಂಡು ಮನೆಗೆ ಬಂದೆವು. ಬ್ಯಾಂಕಿನಲ್ಲಿ ಕಲಿತ ಅಭ್ಯಾಸ ನನ್ನದು: ಚೀಟಿಯಲ್ಲಿರುವ ಪ್ರತಿಯೊಂದು ಬಾಬ್ತಿಗೂ 'ಇದು ಯಾವ ಕೆಲಸಕ್ಕೆ?' ಎಂದು ಪಕ್ಕದಲ್ಲಿ ಬರೆಯುವುದು. ಉತ್ತರ ಇಲ್ಲದ ಬಾಬ್ತಿಗೆ ದುಡ್ಡು ಕೊಡುವುದಿಲ್ಲ.

ಕಂಪ್ಯೂಟರಿನ ಒಳಗೆ ಏನೇನಿರುತ್ತದೆ ಎಂಬುದನ್ನು ನಮ್ಮ ಹಳೆಯ ಬ್ಯಾಂಕಿನ ಶಾಖೆಯನ್ನೇ ನೆನೆದು ಹೇಳುತ್ತೇನೆ. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ಗುಮಾಸ್ತ. ರ್‍ಯಾಮ್ ಎಂದರೆ ಅವನ ಮುಂದಿನ ಮೇಜು. ಮೇಜು ದೊಡ್ಡದಿದ್ದಷ್ಟೂ ಹೆಚ್ಚು ಲೆಡ್ಜರುಗಳನ್ನು ಒಟ್ಟಿಗೆ ಬಿಡಿಸಿಟ್ಟುಕೊಳ್ಳಬಹುದು. ಡಿಸ್ಕ್ ಎಂದರೆ ದಾಖಲೆ ಕೋಣೆ. ಸಂಜೆ ಬಾಗಿಲು ಹಾಕಿದ ಮೇಲೂ ಉಳಿಯುವುದು ಅಲ್ಲಿಟ್ಟದ್ದು ಮಾತ್ರ. ಗ್ರಾಫಿಕ್ಸ್ ಕಾರ್ಡ್ ಎಂದರೆ ಚಿತ್ರ ಬರೆಯುವವನು. ಆಟಕ್ಕೆ, ಸಿನಿಮಾ ಸಂಕಲನಕ್ಕೆ ಅವನು ಬೇಕು. ಧ್ವನಿ ಹಿಡಿಯಲು ಅವನಿಗೇನು ಕೆಲಸ? ಹಾಗಾಗಿ ಮೊದಲ ಗೆರೆ ಅವನ ಮೇಲೆ ಬಿತ್ತು. ಎರಡನೆಯ ಗೆರೆ ಬಣ್ಣದ ದೀಪಗಳ ಮೇಲೆ. ನಾಲ್ಕು ಫ್ಯಾನುಗಳಂತೂ ನಮಗೆ ಶತ್ರುಗಳೇ. ಅವುಗಳ ಸದ್ದು ಅಕ್ಕನ ಹಾಡಿನ ಜೊತೆಗೇ ಮೈಕಿಗೆ ಹೋಗುತ್ತದೆ.

ಹಾಡು ಕಂಪ್ಯೂಟರಿನೊಳಗೆ ಸಂಖ್ಯೆಯಾಗಿ ಕೂರುತ್ತದೆ. ಗಾಳಿಯ ಅಲುಗಾಟವನ್ನು ಮೈಕು ವಿದ್ಯುತ್ತಿನ ಅಲುಗಾಟ ಮಾಡುತ್ತದೆ. ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಮನುಷ್ಯನ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಕೇಳುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಕನಿಷ್ಠ ಎರಡು ಸಲವಾದರೂ ಅಳೆಯಬೇಕು. ಅದಕ್ಕೇ 40,000ಕ್ಕಿಂತ ಸ್ವಲ್ಪ ಹೆಚ್ಚು. ವಿಡಿಯೋ ಜೊತೆಗೆ ಬರುವ ಧ್ವನಿಗೆ ಸಾಮಾನ್ಯವಾಗಿ 48,000 ಸಲ. ನಾವು ಇದನ್ನೇ ಆರಿಸಿಕೊಂಡೆವು.

ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬೇಕು ಎನ್ನುವುದು ಇನ್ನೊಂದು ಪ್ರಶ್ನೆ. 16 ಬಿಟ್ ಎಂದರೆ 65,536 ಮೆಟ್ಟಿಲು. 24 ಬಿಟ್ ಎಂದರೆ 1,67,77,216 ಮೆಟ್ಟಿಲು. ರೂಪಾಯಿ ಮಾತ್ರ ಬರೆದ ಲೆಕ್ಕಕ್ಕೂ ಪೈಸೆಯ ತನಕ ಬರೆದ ಲೆಕ್ಕಕ್ಕೂ ಇರುವ ಅಂತರ ಅದು. 24 ಬಿಟ್ ಇಟ್ಟುಕೊಂಡರೆ ಧ್ವನಿಯ ಮಟ್ಟವನ್ನು ತುಸು ಕೆಳಗೇ ಇರಿಸಿ ಹಿಡಿಯಬಹುದು. ಅಕ್ಕ ಇದ್ದಕ್ಕಿದ್ದಂತೆ ಧ್ವನಿ ಏರಿಸಿದರೂ ಪಾತ್ರೆ ತುಂಬಿ ಚೆಲ್ಲುವುದಿಲ್ಲ. ಒಮ್ಮೆ ಮಿತಿ ಮೀರಿ ಧ್ವನಿ ಒಡೆದರೆ ಅದನ್ನು ಸರಿಮಾಡಲು ಆಗುವುದಿಲ್ಲ.

ಇನ್ನು ಜಾಗದ ಲೆಕ್ಕ. 24 ಬಿಟ್ ಎಂದರೆ 3 ಬೈಟ್. 48,000 × 3 = ಸೆಕೆಂಡಿಗೆ 1,44,000 ಬೈಟ್. ನಿಮಿಷಕ್ಕೆ 86,40,000. ಗಂಟೆಗೆ 51,84,00,000, ಅಂದರೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು. ಎರಡು ಮೈಕಾದರೆ ಒಂದು ಜಿಬಿ. ನೂರು ಗಂಟೆ ಹಾಡಿದರೂ ನೂರು ಜಿಬಿ ಚಿಲ್ಲರೆ ಸಾಕು. ಈ ಲೆಕ್ಕ ಹಾಕಿದ ಮೊಮ್ಮಗಳೇ, "ತಾತ, ಇಷ್ಟಕ್ಕೆ 92,000 ಯಾಕೆ?" ಎಂದಳು.

ಹಳೆಯ ಲ್ಯಾಪ್‌ಟಾಪ್ ಮತ್ತೆ ಮೇಜಿಗೆ ಬಂತು. ಅದರ ಗುಮಾಸ್ತ ಗಟ್ಟಿಗನೇ. ಮೇಜು ಮಾತ್ರ ಚಿಕ್ಕದು, 4 ಜಿಬಿ. ದಾಖಲೆ ಕೋಣೆ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್, ನಿಧಾನ. ಜೊತೆಗೆ ಕಿರ್ರೆನ್ನುವ ಸದ್ದು. ರಿಪೇರಿಯವರಲ್ಲಿ ಮೇಜನ್ನು 8 ಜಿಬಿ ಮಾಡಿಸಿ, ಹಾರ್ಡ್ ಡಿಸ್ಕ್ ತೆಗೆಸಿ 500 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದೂ ಇಲ್ಲ. ಲ್ಯಾಪ್‌ಟಾಪ್ ಹೊಸದರಂತೆ ಓಡತೊಡಗಿತು. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ರ್‍ಯಾಮ್ ಬದಲಿಸಲು ಬರುವುದಿಲ್ಲ. ಕೆಲವುಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮೊದಲೇ ವಿಚಾರಿಸಿ. ನಿಮ್ಮ ಮನೆಯ ಮಕ್ಕಳು ಕಂಪ್ಯೂಟರಿನೊಳಗಿನ ವಾದ್ಯಗಳನ್ನು ಸೇರಿಸಿ ಸಂಗೀತ ಸಂಯೋಜನೆ ಮಾಡುವವರಾದರೆ ಮಾತ್ರ 16 ಜಿಬಿ ಮೇಜು, ಇನ್ನೂ ಚುರುಕಾದ ಗುಮಾಸ್ತ ಬೇಕಾಗುತ್ತದೆ. ಒಂದೊಂದು ವಾದ್ಯದ ಸಾವಿರಾರು ಧ್ವನಿತುಣುಕುಗಳನ್ನು ಮೇಜಿನ ಮೇಲೆ ಹರಡಿಕೊಳ್ಳಬೇಕಲ್ಲ!

ಉಳಿದ ದುಡ್ಡನ್ನು ಧ್ವನಿ ಒಳಗೆ ಬರುವ ಬಾಗಿಲಿಗೆ ಹಾಕಿದೆವು. ಆ ಬಾಗಿಲಿನ ಹೆಸರು ಆಡಿಯೋ ಇಂಟರ್‌ಫೇಸ್. ಊಟದ ಡಬ್ಬಿಯಷ್ಟು ದೊಡ್ಡದು. ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸುವುದು. ಮೈಕಿನ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿ, ಅಂಕಿಯಾಗಿ ಬದಲಿಸುವ ಕೆಲಸ ಅದರದು. ಎರಡು ಮೈಕು ಹಾಕಬಹುದಾದದ್ದನ್ನು ಆರಿಸಿದೆವು. ಏಕೆಂದರೆ ಸಂಪ್ರದಾಯದ ಹಾಡನ್ನು ಒಬ್ಬರೇ ಹೇಳುವುದು ಕಡಿಮೆ. ಅಕ್ಕ ಹೇಳಿದ್ದನ್ನು ಹಿಂದಿನಿಂದ ನನ್ನ ಹೆಂಡತಿ ಹೇಳಬೇಕು. ಒಬ್ಬರೇ ಹಾಡುವ ಮನೆಯಾದರೆ ನೇರವಾಗಿ ಯುಎಸ್‌ಬಿಗೆ ಹಾಕುವ ಮೈಕೊಂದೇ ಸಾಕು, ಇನ್ನೂ ಅಗ್ಗ. ಕೊಳ್ಳುವ ಮುನ್ನ ನಿಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿ ಯಾವ ಆಕಾರದ್ದು, ಅದರಲ್ಲಿರುವ ವಿಂಡೋಸಿಗೋ ಮ್ಯಾಕಿಗೋ ಈ ಪೆಟ್ಟಿಗೆಯ ಡ್ರೈವರ್ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ಮೈಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರ್ ಮೈಕಿನ ಕಿವಿ ಬಹಳ ಚುರುಕು. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ವಿದ್ಯುತ್ ಕೊಡಬೇಕು. ಸದ್ದಿಲ್ಲದ ಕೋಣೆ ಇದ್ದವರಿಗೆ ಅದು ಒಳ್ಳೆಯದು. ನಮ್ಮ ಮನೆ ಇರುವುದು ಬಸ್ಸು ತಿರುಗುವ ರಸ್ತೆಯಲ್ಲಿ. ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಅದಕ್ಕೆ ಕೇಳಿಸುತ್ತದೆ. ಡೈನಮಿಕ್ ಮೈಕು ಹತ್ತಿರದ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ, ಬಿದ್ದರೂ ತಡೆಯುತ್ತದೆ. ನಾವು ಅದನ್ನೇ ಎರಡು ತಂದೆವು. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಕಡಿಮೆ ದೂರ.

ಆದರೆ ಇಲ್ಲೊಂದು ತೊಡಕು ಬಂತು. ಹೆಡ್‌ಫೋನ್ ಹಾಕಿಕೊಂಡ ಅಕ್ಕ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. "ಯಾರೋ ನನ್ನನ್ನು ಅಣಕಿಸಿದ ಹಾಗೆ ಹಿಂದಿನಿಂದ ಹಾಡ್ತಾರೆ ಕಣೋ!" ಅವಳ ಧ್ವನಿಯೇ ತಡವಾಗಿ ಅವಳಿಗೆ ಕೇಳುತ್ತಿತ್ತು.

ಹಿಂದೆ ನಮ್ಮ ಶಾಖೆಯಲ್ಲಿ ಕೌಂಟರಿನಿಂದ ವೋಚರುಗಳನ್ನು ಲೆಡ್ಜರಿಗೆ ಒಯ್ಯುವ ಜವಾನನೊಬ್ಬನಿದ್ದ. ಒಂದೊಂದೇ ವೋಚರಿಗೆ ಓಡಾಡಿದರೆ ಅವನು ಮಧ್ಯಾಹ್ನಕ್ಕೇ ಸುಸ್ತು. ದೊಡ್ಡ ಕಟ್ಟಾಗುವ ತನಕ ಕಾದರೆ ಗಿರಾಕಿಗಳು ಬೆಂಚಿನ ಮೇಲೆ ಸುಸ್ತು. ಕಂಪ್ಯೂಟರಿನಲ್ಲೂ ಹೀಗೆಯೇ. ಅಂಕಿಗಳನ್ನು ಕಟ್ಟುಕಟ್ಟಾಗಿ ಒಯ್ಯುತ್ತದೆ. ಆ ಕಟ್ಟಿಗೆ ಬಫರ್ ಎನ್ನುತ್ತಾರೆ. 1,024 ಅಳತೆಗಳ ಕಟ್ಟಾದರೆ, 48,000ರ ವೇಗದಲ್ಲಿ ಅದು ತುಂಬಲು ಸುಮಾರು 21 ಮಿಲಿಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಒಟ್ಟು 42. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ತನ್ನ ಹಾಡನ್ನೇ ಹದಿನಾಲ್ಕು ಮೀಟರ್ ಆಚೆಯಿಂದ ಕೇಳಿದ ಹಾಗೆ! 256ರ ಕಟ್ಟು ಮಾಡಿದರೆ ಒಂದು ಸಲಕ್ಕೆ ಸುಮಾರು 5 ಮಿಲಿಸೆಕೆಂಡ್ ಮಾತ್ರ. ಆದರೆ ಗುಮಾಸ್ತನ ಮೇಲೆ ಒತ್ತಡ ಹೆಚ್ಚಿ, ಹಳೆಯ ಕಂಪ್ಯೂಟರಾದರೆ ಹಾಡಿನ ನಡುವೆ ಟಿಕ್ ಟಿಕ್ ಸದ್ದು ಬರಬಹುದು.

ಇದಕ್ಕೊಂದು ಸುಲಭ ಉಪಾಯ ಇಂಟರ್‌ಫೇಸಿನಲ್ಲೇ ಇತ್ತು. 'ಡೈರೆಕ್ಟ್ ಮಾನಿಟರ್' ಎಂಬ ಗುಂಡಿ. ಅದನ್ನು ಒತ್ತಿದರೆ ಮೈಕಿನ ಧ್ವನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಅದೇ ಹೊತ್ತಿಗೆ, ಕಂಪ್ಯೂಟರಿನಿಂದ ಮರಳಿ ಬರುವ ಧ್ವನಿಯನ್ನು ತಂತ್ರಾಂಶದಲ್ಲಿ ಆರಿಸಬೇಕು. ಅಕ್ಕನನ್ನು ಅಣಕಿಸುವವರು ಅಲ್ಲಿಗೆ ಓಡಿಹೋದರು. ಈ ಗುಂಡಿ ಇರುವ ಪೆಟ್ಟಿಗೆ ಕೊಂಡರೆ ಹಳೆಯ ಕಂಪ್ಯೂಟರೂ ಸಾಕಾಗುತ್ತದೆ ಎಂಬುದು ನಮಗೆ ಸಿಕ್ಕ ದೊಡ್ಡ ಉಳಿತಾಯ.

ತಂತ್ರಾಂಶಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಆಡಾಸಿಟಿ ಎಂಬುದು ಎಲ್ಲರಿಗೂ ಉಚಿತ. 2000ನೇ ಇಸವಿಯಲ್ಲಿ ಹೊರಬಂದು ಇಂದಿಗೂ ಬೆಳೆಯುತ್ತಿದೆ. ಕೋಣೆಗೂ ಖರ್ಚಿಲ್ಲ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಹೊದಿಕೆ ಇಳಿಬಿಟ್ಟು, ಅಕ್ಕನ ಹಿಂದಿನ ಸೀರೆಯ ಬೀರುವಿನ ಬಾಗಿಲು ತೆರೆದಿಟ್ಟೆವು. ಗೋಡೆಗೆ ಬಡಿದು ಬರುವ ಪ್ರತಿಧ್ವನಿಯನ್ನು ಬಟ್ಟೆ ಹೀರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಸಣ್ಣಗೆ ಕೇಳುತ್ತಿದ್ದ ಗುಂಯ್ ಎಂಬ ಸದ್ದೂ ನಿಂತಿತು. ಫ್ಯಾನು ಬಂದ್, ಫ್ರಿಜ್ ಬಂದ್. ಫ್ರಿಜ್ ಆರಿಸಿದಾಗ ಮನೆಯ ಬೀಗದ ಕೈಯನ್ನು ಅದರೊಳಗೇ ಇಡಿ. ಮತ್ತೆ ಹಾಕುವುದನ್ನು ಮರೆಯುವುದಿಲ್ಲ. ಇದು ಹಾಲು ಒಡೆದ ಮೇಲೆ ಕಲಿತ ಬುದ್ಧಿ.

ಇನ್ನೊಂದು ಬಾಬ್ತಿದೆ. ಅದನ್ನು ಮೊಮ್ಮಗಳು 'ಬೇಡ ತಾತ, ದುಡ್ಡು ಉಳಿಸೋಣ' ಎಂದರೂ ನಾನು ಬಿಡಲಿಲ್ಲ. ಹಾಡಿನ ಎರಡನೆಯ ಪ್ರತಿ ಇಡಲು ಹೊರಗಿನ ಡಿಸ್ಕ್.

1987ರಲ್ಲಿ ನಮ್ಮ ಅಮ್ಮ ಹಾಡಿದ ಹಾಡುಗಳನ್ನು ನಾನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಒಂದೇ ಕ್ಯಾಸೆಟ್ಟು. ಬ್ಯಾಂಕಿನಲ್ಲಿ ಪ್ರತಿ ಸಂಜೆ ಲೆಕ್ಕದ ನಕಲು ತೆಗೆದಿಡುತ್ತಿದ್ದವನು ನಾನು. ಊರ ಜನರ ಮುನ್ನೂರು, ನಾನೂರು ರೂಪಾಯಿಗಳಿಗೆ ಎರಡು ಕಡೆ ದಾಖಲೆ ಇಡುತ್ತಿದ್ದೆ. ಅಮ್ಮನ ಧ್ವನಿಗೆ ನಕಲು ಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಅಮ್ಮ ಹೋದ ಮೇಲೆ ಒಂದು ಮಳೆಗಾಲ ಕಳೆದು ಕ್ಯಾಸೆಟ್ಟನ್ನು ತೆಗೆದಾಗ ಟೇಪಿಗೆ ಬೂಷ್ಟು ಹಿಡಿದಿತ್ತು. ಹಾಕಿದೆ. ಒಂದು ಸಾಲು ಕೇಳಿತು, ಆಮೇಲೆ ಟೇಪು ಯಂತ್ರಕ್ಕೆ ಸುತ್ತಿಕೊಂಡು ಕಿತ್ತುಹೋಯಿತು. ಈ ವಿಷಯವನ್ನು ನಾನು ಅಕ್ಕನಿಗೆ ಹೇಳಿದ್ದು ಈ ವರ್ಷವೇ. ಅವಳು ಬೈಯಲಿಲ್ಲ. "ಯಾವ ಹಾಡು ಇತ್ತು ಅದರಲ್ಲಿ, ಹೇಳು. ನನಗೆ ಅಮ್ಮನೇ ಹೇಳಿಕೊಟ್ಟಿದ್ದಲ್ವೇನೋ" ಎಂದಳು.

ಆದ್ದರಿಂದ ಹಿರಿಯರೇ, ಮೂರು ಪ್ರತಿ ಇಡಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ನಮ್ಮ ಮೂರನೆಯ ಪ್ರತಿ ಪೆನ್‌ಡ್ರೈವಿನಲ್ಲಿ ಹಾಸನದ ಅಕ್ಕನ ಮಗನ ಮನೆಗೆ ಹೋಗಿದೆ.

ಪ್ರತಿ ಹಾಡಿನ ಮೊದಲಲ್ಲಿ ಹಾಡುವವರ ಹೆಸರು, ಊರು, ತಾರೀಖು, ಹಾಡು ಯಾವ ಸಂದರ್ಭದ್ದು ಎಂದು ಬಾಯಲ್ಲೇ ಹೇಳಿಸಿ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಎಂದು ತಿಳಿಯಬೇಕಲ್ಲ! ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿನ ಅರಮನೆಯ ಗಾಯಕಿಯಾಗಿದ್ದು, 1930ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಧ್ವನಿಯೂ ಹೆಸರೂ ಒಟ್ಟಿಗೆ ಉಳಿದಿವೆ.

ಈಗ ನಮ್ಮ ಜಮಾಖರ್ಚು, ನಾವು ಕೊಂಡಾಗಿನ ಬೆಲೆಯಲ್ಲಿ: ಎಸ್‌ಎಸ್‌ಡಿ 3,300, ರ್‍ಯಾಮ್ 1,650, ಇಂಟರ್‌ಫೇಸ್ 9,500, ಮೈಕು ಎರಡು 5,800, ಸ್ಟ್ಯಾಂಡು, ತಂತಿ 2,700, ಹೆಡ್‌ಫೋನ್ 2,400, ಹೊರಗಿನ ಡಿಸ್ಕ್ 4,600. ಒಟ್ಟು 29,950 ರೂಪಾಯಿ. ಉಳಿದ ಐವತ್ತಕ್ಕೆ ಅಕ್ಕನ ಗಂಟಲಿಗೆಂದು ಕಲ್ಲುಸಕ್ಕರೆ ತಂದೆ.

ಇಷ್ಟು ದುಡ್ಡು ಇಲ್ಲದಿದ್ದರೆ ಕಾಯಬೇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಒಂದು ಗೇಣು ದೂರದಲ್ಲಿಟ್ಟು ಇವತ್ತೇ ಶುರುಮಾಡಿ. ಮೈಕು ಆಮೇಲೆ ಬರಲಿ.

ನಾವು ಈ ತನಕ 41 ಹಾಡು ಹಿಡಿದಿದ್ದೇವೆ. ಮೊನ್ನೆ ಭಾನುವಾರ ಹಸೆಗೆ ಕರೆಯುವ ಹಾಡಿನ ಸರದಿ. ಅಕ್ಕ ಮೂರನೆಯ ನುಡಿಯಲ್ಲಿ ನಿಂತಳು. ಮಟ್ಟು ಮರೆತಿತ್ತು. ಕಣ್ಣು ಮುಚ್ಚಿ ಕೂತಳು. ನಾನು ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದೆ. ಮೊಮ್ಮಗಳು ನನ್ನ ಕೈ ಹಿಡಿದಳು. ಒಂದು ನಿಮಿಷದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತು ಹಾಡುತ್ತಿದ್ದ ರೀತಿಯಲ್ಲೇ, ತಲೆ ತುಸು ಓರೆ ಮಾಡಿ ಅಕ್ಕ ಆ ಸಾಲನ್ನು ಎತ್ತಿಕೊಂಡಳು. 1987ರ ಕ್ಯಾಸೆಟ್ಟಿನಲ್ಲಿ ನನಗೆ ಕೊನೆಯದಾಗಿ ಕೇಳಿದ್ದು ಅದೇ ಸಾಲು. ನಡುವಿನ ಆ ಒಂದು ನಿಮಿಷದ ಮೌನವನ್ನು ಮೊಮ್ಮಗಳು ಕತ್ತರಿಸದೆ ಹಾಗೆಯೇ ಉಳಿಸಿಕೊಂಡಿದ್ದಾಳೆ. ಹಿಂದೆ ಎಲ್ಲೋ ಬಸ್ಸು ತಿರುಗಿದ ಸದ್ದು ಸಣ್ಣಗೆ ಕೇಳುತ್ತದೆ.

ಈ ವಾರದ ಲೆಕ್ಕ: ಒಂದು ಮೈಕಿನ ಹಾಡು ಗಂಟೆಗೆ 51,84,00,000 ಬೈಟ್. ಒಂದು ಜಿಬಿಯನ್ನು 100 ಕೋಟಿ ಬೈಟ್ ಎಂದು ಹಿಡಿದರೆ, 64 ಜಿಬಿ ಪೆನ್‌ಡ್ರೈವಿನಲ್ಲಿ ಎಷ್ಟು ಪೂರ್ಣ ಗಂಟೆಗಳ ಹಾಡು ಹಿಡಿಸುತ್ತದೆ? ಅಜ್ಜಿ ತಾತಂದಿರು ಕಾಗದದ ಮೇಲೆ, ಮೊಮ್ಮಕ್ಕಳು ತಮಗಿಷ್ಟ ಬಂದ ಹಾಗೆ ಮಾಡಿ ನೋಡಿ. ಯಾರು ಮೊದಲು ಮುಗಿಸಿದರು ಎಂದು ನನಗೆ ಬರೆದು ತಿಳಿಸಿ.